ಲಾಟ್ 212, ತೇವ 11

ಆಂಧ್ರದ ಗಡಿಯ ಆದೋನಿಯಲ್ಲಿ ಮರಿಬಸಪ್ಪ ಸಾವ್ಕಾರರದು ಹತ್ತಿ ಜಿನ್ನು, ಹತ್ತಿಯ ಬೀಜ ಬಿಡಿಸಿ ಒತ್ತಿ ಮೂಟೆ ಕಟ್ಟುವ ಕಾರ್ಖಾನೆ. ಅಲ್ಲಿ ಹುಲಿಗೇಶ ಹತ್ತೊಂಬತ್ತು ವರ್ಷದಿಂದ ಇದ್ದಾನೆ. ಸೇರಿದ್ದು ಹತ್ತಿಯ ಗುಣ ನೋಡುವ ಕೆಲಸಕ್ಕೆ. ಎಳೆ ಎಷ್ಟು ಉದ್ದ, ಕಸ ಎಷ್ಟು, ತೇವ ಎಷ್ಟು ಎಂದು ಅಳೆದು ಬರೆಯುವುದು. ಹೊರಗಿನ ಗಾಳಿ ತಾಗಿದರೆ ಅಳತೆ ತಪ್ಪುತ್ತದೆಂದು ಅವನ ಕೋಣೆಗೆ ಏಸಿ ಹಾಕಿಸಿದ್ದರು. ಇಡೀ ಜಿನ್ನಿನಲ್ಲಿ ಏಸಿ ಇದ್ದದ್ದು ಅದೊಂದೇ ಕೋಣೆ. ಜಿನ್ನಿಗೆ ಇ-ಮೇಲ್ ಬಂದ ವರ್ಷ, ಸರ್ವರ್ ಎಂಬ ಕರಿ ಪೆಟ್ಟಿಗೆಗೂ ತಂಪು ಬೇಕೆಂದು ಗೊತ್ತಾಗಿ, ಅದನ್ನೂ ತಂದು ಅಲ್ಲೇ ಕೂರಿಸಿದರು. ಅದನ್ನು ನೋಡಿಕೊಳ್ಳುವವರು ಯಾರು ಎಂಬ ಮಾತು ಬಂದಾಗ ಸಾವ್ಕಾರರು ಹೆಚ್ಚು ಯೋಚಿಸಲಿಲ್ಲ. "ನಿನ್ನ ಮಗ್ಗುಲಾಗೇ ಐತಲ್ಲೋ, ನೀನೇ ನೋಡಿಕೋ" ಎಂದರು. ಹೀಗೆ ಹತ್ತಿ ನೋಡುವವನು ಜಿನ್ನಿನ ಪತ್ರವೆಲ್ಲ ಇಳಿಯುವ ಪೆಟ್ಟಿಗೆಗೂ ಕಾವಲಾದ.

ಅವನಿಗೀಗ ನಲವತ್ತೇಳು. ಊರು ಕೌತಾಳಂ. ಬೆಳಿಗ್ಗೆ ಎಂಟರ ಬಸ್ಸಿಗೆ ಆದೋನಿಗೆ ಬಂದು ಸಂಜೆ ಐದೂವರೆಯ ಬಸ್ಸಿಗೆ ಹಿಂದಿರುಗುತ್ತಾನೆ. ಹೊಗಳಿದರೆ ಹಿಗ್ಗುವುದಿಲ್ಲ, ಬೈದರೆ ಕುಗ್ಗುವುದಿಲ್ಲ. ಜಿನ್ನಿನ ಹೆಣ್ಣಾಳುಗಳು ಅವನೆದುರಿಗೇ ಅವನ ನಡಿಗೆ ಅಣಕಿಸಿ ನಗುತ್ತಾರೆ, ಬೇರೆ ಯಾರದೋ ನಡಿಗೆಯೆಂಬಂತೆ ಅವನೂ ನಿಂತು ನೋಡುತ್ತಾನೆ. ಒಮ್ಮೆ ಹೆಂಡತಿ ಭವಾನಿ ತಟ್ಟೆ ಮುಂದಿಟ್ಟು ಪರೀಕ್ಷೆಗೆಂದೇ ಕೇಳಿದಳು.

"ಸಾರಿಗಿ ಉಪ್ಪು ಸರಿ ಐತೇನು?"

"ಐತಿ."

"ನಾ ಉಪ್ಪೇ ಹಾಕಿಲ್ಲ."

"ಹೌದೇನು" ಎಂದು ಉಂಡು ಎದ್ದ.

ಆಕೆಗೆ ನಗು ಬಂತು, ಆಮೇಲೆ ಭಯವಾಯಿತು. ಮೊದಲು ಹೀಗಿರಲಿಲ್ಲವಲ್ಲ, ಉಪ್ಪು ಕಡಿಮೆಯಾದರೆ ಕೌತಾಳಂ ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದ ಗಂಡನಲ್ಲವೇ ಎಂದು ಆಕೆ ತನ್ನಲ್ಲೇ ಅಂದುಕೊಂಡಳು. ಯಾವಾಗಿನಿಂದ ಹೀಗಾದ ಎಂದು ಆಕೆಗೆ ಹೇಳಲು ಬರದು. ಹುಲಿಗೇಶನಿಗೆ ಮಾತ್ರ ತಾರೀಖು ಸಮೇತ ಗೊತ್ತು.

ಅದಕ್ಕೆ ಮೊದಲು ಈ ಜಿನ್ನಿನ ಒಂದು ಪದ್ಧತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಯಾರಿಗೂ ನಂಬಿಕೆಯಾಗುವುದಿಲ್ಲ. ಸಾವ್ಕಾರರ ತಂದೆಯ ಕಾಲದಲ್ಲಿ ಕೊಯಮತ್ತೂರಿನ ಗಿರಣಿಗಳ ಜೊತೆ ವ್ಯವಹಾರವೆಲ್ಲ ತಂತಿಯ ಮೂಲಕ, ಅಂದರೆ ಟೆಲಿಗ್ರಾಂ; ಪದಕ್ಕಿಷ್ಟು ಎಂದು ದುಡ್ಡು. ನಾಲ್ಕು ಪದದಲ್ಲಿ ಹೇಳುವುದನ್ನು ಐದರಲ್ಲಿ ಬರೆದರೆ ಆ ಹಿರಿಯರು ಗುಮಾಸ್ತನ ಪೆನ್ನು ಕಿತ್ತುಕೊಳ್ಳುತ್ತಿದ್ದರಂತೆ. ಆ ಶಿಸ್ತಿನಲ್ಲಿ ಬೆಳೆದ ಮಗ ಮರಿಬಸಪ್ಪ. ಮೇಲ್ ಬಂದಾಗ ಅವರು ಪರದೆಯನ್ನು ಒಮ್ಮೆ ಕಣ್ಣಾಡಿಸಿ ನೋಡಿ, ಒಂದರ ಕೆಳಗೊಂದು ಸಾಲು ಇರುವುದನ್ನು ಮೆಚ್ಚಿ, ಅಪ್ಪಣೆ ಕೊಟ್ಟರು: ಹೇಳುವುದೆಲ್ಲ ಕಳಿಸಿದವನ ಹೆಸರಿನ ಪಕ್ಕದ ಸಾಲಿನಲ್ಲೇ ಇರಬೇಕು, ಒಳಗೆ ಏನೂ ಇರಕೂಡದು. ಬೇರೆ ಕಡೆ ಸಬ್ಜೆಕ್ಟ್ ಅನ್ನುವ ಆ ಸಾಲಿಗೆ ಈ ಜಿನ್ನಿನಲ್ಲಿ ಹೆಸರೇ 'ತಂತಿ' ಎಂದಾಯಿತು. "ಲಾಟ್ 40 ಎಳೆ 29 ತೇವ 8 ಕಸ 3" ಎಂದು ತಂತಿಯಲ್ಲಿ ಹೊಡೆದು ಕಳಿಸಿದರೆ ಮುಗಿಯಿತು. ಸಾಲಿನ ಕೆಳಗೆ ಅರ್ಧ ಪರದೆ ತಿನ್ನುವ ಖಾಲಿ ಜಾಗ ಕಣ್ಣಿಗೆ ಹೊಡೆಯುತ್ತದೆಂದು ಸಾವ್ಕಾರರು ಗೊಣಗಿದಾಗ ಹುಲಿಗೇಶನೇ ಅದನ್ನು ಮುಚ್ಚಿಕೊಟ್ಟಿದ್ದ. ಅಂದಿನಿಂದ ಸಾವ್ಕಾರರ ಪರದೆಯಲ್ಲಿ ಸಾಲು ಬಿಟ್ಟರೆ ಬೇರೆ ಏನೂ ಕಾಣುವುದಿಲ್ಲ.

ಬೆಳಿಗ್ಗೆ ಹತ್ತಕ್ಕೆ ಅವರು ವಿಭೂತಿ ಹಚ್ಚಿಕೊಂಡು ಬಂದು ಗಾಜಿನ ಕೋಣೆಯಲ್ಲಿ ಕೂತು, ಸಾಲುಗಳನ್ನು ಒಂದೊಂದಾಗಿ ಬಾಯಿಬಿಟ್ಟು ಓದುತ್ತಾರೆ. ಓದಿದ ಮೇಲೆ ಕಳಿಸಿದವನಿಗೆ ಕೇಳುವಂತೆ "ನೋಡಿದೆ!" ಎಂದು ಕೂಗುತ್ತಾರೆ. ಇದೇ ಅವರ ಉತ್ತರ. ಜಿನ್ನಿನ ಜನಕ್ಕೆ ಆ ಕೂಗು ಎಷ್ಟು ಅಭ್ಯಾಸವೆಂದರೆ, ಒಂದು ದಿನ ಬರದಿದ್ದರೆ ಸಾವ್ಕಾರರಿಗೆ ಹುಷಾರಿಲ್ಲವೆಂದು ತಿಳಿಯುತ್ತಾರೆ.

ಸೆಪ್ಟೆಂಬರ್ ಕೊನೆಯ ವಾರ. ಇನ್ನು ಹದಿನೈದು ದಿನಕ್ಕೆ ಹೊಸ ಹತ್ತಿ ಬಂದು ಬೀಳಬೇಕು. ಗುರುವಾರ ಮಧ್ಯಾಹ್ನ ಸಾವ್ಕಾರರ ಮಗ ರುದ್ರೇಶ ಏಸಿ ಕೋಣೆಯ ಬಾಗಿಲು ತಳ್ಳಿಕೊಂಡು ಬಂದ. ಹೈದರಾಬಾದಿನಲ್ಲಿ ಓದಿ ಬಂದವನು, ಈಗ ವ್ಯವಹಾರವೆಲ್ಲ ಅವನ ಕೈಯಲ್ಲಿ. ಅಪ್ಪನ ತಂತಿಯನ್ನು ಮಾತ್ರ ಅವನಿಗೂ ಮುಟ್ಟಲಾಗಿರಲಿಲ್ಲ.

"ಹುಲಿಗೇಶಣ್ಣ, ಕೊಯಮತ್ತೂರಿನವರು ಫೋನ್ ಮಾಡಿದ್ರು. ಅವರು ಕಳಿಸಿದ ಮೇಲುಗಳೆಲ್ಲ ವಾಪಸ್ ಹೋಗಾಕತ್ಯಾವಂತ."

"ಡಿಸ್ಕ್ ತುಂಬೈತ್ರಿ. ನೂರಕ್ಕ ತೊಂಬತ್ತೊಂಬತ್ತು. ಹೋದ ತಿಂಗಳೇ ಹೇಳಿದ್ನಲ್ರಿ."

"ಸೀಸನ್ ಮುಂದಿಟ್ಟುಕೊಂಡು ಹಿಂಗಾದ್ರ ಎಟ್ಲಾ? ಒಂದು ಕೆಲಸ ಮಾಡು. ಐದು ವರ್ಷದ ಹಿಂದಿಂದೆಲ್ಲ ಆರ್ಕೈವ್ ಮಾಡು. ಹೊರಗಿನ ಹಾರ್ಡ್ ಡಿಸ್ಕಿಗೆ ಇಳಿಸಿ ಸರ್ವರ್‌ನಾಗಿಂದ ತೆಗಿ. ಡಿಸ್ಕ್ ಅಪ್ಪಾಜಿ ಕಪಾಟಿನಾಗ ಇಟ್ಟು ಕೀಲಿ ಹಾಕೋಣ."

"ತೆರೆದೇ ನೋಡಲಾರದ ಮೇಲು ಭಾಳ ಅದಾವ್ರಿ. ಅವನ್ನೂ ಇಳಿಸಬೇಕೇನ್ರಿ?"

"ಯಾರೂ ತೆರೆದು ನೋಡಿಲ್ಲಂದ್ರ ಇಟ್ಟು ಏನ್ ಮಾಡ್ತಿ? ಅವನ್ನ ಡಿಲೀಟ್ ಹೊಡಿ. ನಾಳೆ ಮಧ್ಯಾಹ್ನದ ಒಳಗ ಜಾಗ ಆಗಬೇಕು."

ಆರ್ಕೈವ್ ಮಾಡುವ ಆ ಪ್ರೋಗ್ರಾಮು ಯಾವುದನ್ನು ಇಳಿಸುತ್ತೇನೆ, ಯಾವುದನ್ನು ಅಳಿಸುತ್ತೇನೆ ಎಂದು ಮೊದಲು ಪಟ್ಟಿ ತೋರಿಸುತ್ತದೆ. ಒಪ್ಪಿಗೆ ಕೊಟ್ಟ ಮೇಲೆಯೇ ಕೈ ಹಚ್ಚುತ್ತದೆ. ಸಾವ್ಕಾರರ ಮೇಲ್ ಪೆಟ್ಟಿಗೆಯ ಪಟ್ಟಿ ಬಂದಾಗ ರುದ್ರೇಶ ನಕ್ಕು ನಕ್ಕು ಕುರ್ಚಿಗೆ ಒರಗಿದ. ಐವತ್ತೆಂಟು ಸಾವಿರ ಮೇಲುಗಳಲ್ಲಿ ತೆರೆದದ್ದು ಒಂದೂ ಇಲ್ಲ.

"ಅಪ್ಪಾಜಿ ಇಷ್ಟು ವರ್ಷದಾಗ ಒಂದು ಮೇಲೂ ತೆರೆದಿಲ್ಲಲ್ಲೋ! ಎಲ್ಲ ತಂತೀನೇ!"

ಆ ಮಾತು ಕಿವಿಗೆ ಬಿದ್ದಾಗಲೂ ಹುಲಿಗೇಶನಿಗೆ ಏನೂ ಹೊಳೆಯಲಿಲ್ಲ. ಹೊಳೆಯಬೇಕಿತ್ತಲ್ಲ ಎಂದು ನಾವು ನೀವು ಕೇಳಬಹುದು. ಒಂದು ನಂಬಿಕೆಗೆ ಒರಗಿಕೊಂಡು ಒಂಬತ್ತು ವರ್ಷ ಕಳೆದವನು ಅದು ಇದೆಯೋ ಇಲ್ಲವೋ ಎಂದು ತಿರುಗಿ ನೋಡುವುದಿಲ್ಲ. ಅವನು ಕೆಲಸದವನ ಹಾಗೆ ಒಂದು ಮಾತು ಹೇಳಿದ, ಅಷ್ಟೇ.

"ಯಾವುದರಾಗರ ಕಾಗದ ಗೀಗದ ಇದ್ರ ಅವೂ ಅಳಿಸಿ ಹೊಕ್ಕಾವ್ರಿ. ಒಳಗ ಏನಾರ ಇದ್ದಂಥವನ್ನ ಬ್ಯಾರೆ ತೆಗೀತೀನಿ."

"ತೆಗಿ. ನೀನೇ ನೋಡಿ ಟಿಕ್ ಹಾಕು. ನನ್ನ ಕೇಳಬ್ಯಾಡ" ಎಂದು ರುದ್ರೇಶ ಹೋದ.

ಹೊಸ ಪಟ್ಟಿ ಬಂತು. ತೆರೆದಿಲ್ಲ, ಆದರೆ ಒಳಗೆ ಬರಹ ಇದೆ ಎನ್ನುವ ಮೇಲುಗಳು ನಲವತ್ತಮೂರು. ಗುಂತಕಲ್ಲಿನ ಯಾವುದೋ ಮದುವೆ ಕರೆಯೋಲೆ, ಲಾರಿಯವರ ತಕರಾರು, ಬ್ಯಾಂಕಿನ ಶುಭಾಶಯ. ಒಂದೊಂದನ್ನೇ ನೋಡಿ, ಬೇಡವಾದದ್ದಕ್ಕೆ ಟಿಕ್ ಹಾಕುತ್ತಾ ಇಳಿದ. ಮೂವತ್ತೊಂದನೆಯ ಸಾಲಿಗೆ ಬಂದು ನಿಂತ. ಕಳಿಸಿದವನು ಹುಲಿಗೇಶ. ಹದಿನಾಲ್ಕು ಡಿಸೆಂಬರ್ ಎರಡು ಸಾವಿರದ ಹದಿನಾರು. ತಂತಿ: ಲಾಟ್ 212 ತೇವ 11. ತೆರೆಯದ ಮೇಲುಗಳ ಅಕ್ಷರ ದಪ್ಪಗೆ ಕಪ್ಪಗೆ ಇರುತ್ತದೆ. ಇದೂ ಹಾಗೇ ಇತ್ತು.

ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡ. ಪ್ರೋಗ್ರಾಮು ತಪ್ಪು ತೋರಿಸಿರಬಹುದೆಂದು ಸಾವ್ಕಾರರ ಮೇಲ್ ಪೆಟ್ಟಿಗೆಗೇ ನೇರ ಹೋಗಿ ಆ ತಾರೀಖಿಗೆ ಇಳಿದ. ಅಲ್ಲೂ ಹಾಗೇ ದಪ್ಪಗೆ ಇತ್ತು. ಯಾರೂ ತೆರೆದಿರಲಿಲ್ಲ.

ಆ ವರ್ಷದ ನವೆಂಬರಿನಲ್ಲಿ ಒಂದು ಸಂಜೆ ಲಾಟ್ 212ರ ಹತ್ತಿಯನ್ನು ಒತ್ತಿ ಬೇಲು ಕಟ್ಟುವ ಮೊದಲು ತೇವ ನೋಡುವುದು ಬಾಕಿ ಇತ್ತು. ಮನೆಗೆ ಭವಾನಿಯ ತವರಿನವರು ಬಂದಿದ್ದರು, ಹೋಳಿಗೆ ಮಾಡಿದ್ದರು. ಐದೂವರೆಯ ಬಸ್ಸು ತಪ್ಪಿದರೆ ಮುಂದಿನದು ಏಳೂವರೆಗೆ. ಹುಲಿಗೇಶ ಮೀಟರಿನ ಮುಳ್ಳನ್ನು ಹತ್ತಿಗೆ ಚುಚ್ಚಲೇ ಇಲ್ಲ. ಹಿಂದಿನ ಲಾಟಿನದು ಎಂಟು ಇತ್ತು, ಇದೂ ಅದೇ ಹೊಲದ ಕಡೆಯದು, ಎಂಟೇ ಇದ್ದೀತು ಎಂದು ಎಂಟು ಬರೆದು ಓಡಿದ. ಇಷ್ಟೇ ಅವನು ಮಾಡಿದ್ದು. ಹೋಳಿಗೆ ಚೆನ್ನಾಗಿತ್ತು ಎಂಬುದು ಅವನಿಗೆ ಇಂದಿಗೂ ನೆನಪಿದೆ.

ಮರುದಿನ ಅದೇ ರಾಶಿಯಲ್ಲಿ ಉಳಿದಿದ್ದ ಹತ್ತಿಗೆ ಮೀಟರು ಚುಚ್ಚಿದರೆ ಹನ್ನೊಂದು ತೋರಿಸಿತು. ಮೇಲೆ ನೀರು ಬಿದ್ದ ಗುರುತಿರಲಿಲ್ಲ, ಹೊಲದಿಂದಲೇ ಹಸಿಯಾಗಿ ಬಂದದ್ದು. ಅಷ್ಟರಲ್ಲಿ ಬೇಲುಗಳು ಲಾರಿ ಹತ್ತಿ ಹೋಗಿದ್ದವು. ತೇವದ ಹತ್ತಿಯನ್ನು ಒತ್ತಿ ಕಟ್ಟಿದರೆ ಒಳಗೇ ಕಾವು ಏರಿ ಹಳದಿ ಬೀಳುತ್ತದೆ. ಎರಡು ವಾರದಲ್ಲಿ ಇಡೀ ಲಾಟು ಕೊಯಮತ್ತೂರಿನಿಂದ ಹಿಂದೆ ಬಂತು. ತೂಕ ಹೆಚ್ಚಲೆಂದು ಹತ್ತಿಗೆ ನೀರು ಹೊಡೆಯುವ ಕಳ್ಳಾಟ ಈ ಕಡೆ ಎಲ್ಲರಿಗೂ ಗೊತ್ತಿರುವುದೇ. ಸಾವ್ಕಾರರು ಅಂಗಳದ ನಡುವೆ ನಿಂತು "ನೀರು ಹೊಡೆದವ ಯಾವನಲೇ?" ಎಂದು ಕೇಳಿದರು. ಆ ಲಾಟು ಕಟ್ಟಿದ ವಾರ ಅಂಗಳ ತೊಳೆಯಲು ಪೈಪು ಹಿಡಿದು ಓಡಾಡಿದ್ದವನು ಅಂಗಳದಾಳು ರಾಮಾಂಜಿ. ಯಾರೋ ಅವನ ಹೆಸರು ಹೇಳಿದರು. ಅರ್ಧ ತಾಸಿನಲ್ಲಿ, ಎಲ್ಲರ ಎದುರಿಗೆ, ಅವನ ಬುತ್ತಿ ಗಂಟನ್ನು ಗೇಟಿನ ಹೊರಗೆ ಇಟ್ಟರು. ಹುಲಿಗೇಶ ಏಸಿ ಕೋಣೆಯ ಕಿಟಕಿಯಿಂದ ನೋಡುತ್ತಾ ನಿಂತಿದ್ದ.

ಎರಡು ವಾರ ಅವನಿಗೆ ನಿದ್ದೆ ಬರಲಿಲ್ಲ. ಸಾವ್ಕಾರರ ಎದುರು ನಿಂತು ಹೇಳುವ ಧೈರ್ಯವೂ ಬರಲಿಲ್ಲ. ಕೊನೆಗೆ ಮೇಲ್ ಬರೆದ. ಶಾಲೆಯಲ್ಲಿ ಕಲಿತದ್ದು ತೆಲುಗು, ಆಡುವುದು ಕನ್ನಡ. ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕೂಡಿಸಿ, ಆದದ್ದನ್ನೆಲ್ಲ ಬರೆದ: ಮೀಟರು ಚುಚ್ಚಲಿಲ್ಲ, ಎಂಟು ಎಂದು ಸುಳ್ಳು ಬರೆದೆ, ರಾಮಾಂಜಿ ನೀರು ಹೊಡೆದಿಲ್ಲ, ನನ್ನನ್ನು ಏನು ಮಾಡಿದರೂ ಮಾಡಿ. ತಂತಿಯಲ್ಲಿ ಇದನ್ನೆಲ್ಲ ಹಾಕಲು ಕೈ ಬರಲಿಲ್ಲ, ಹೆಗಲ ಮೇಲಿಂದ ಯಾರಾದರೂ ಓದಿಯಾರು ಎಂಬ ಹೆದರಿಕೆ. ತಂತಿಗೆ ನಿಜವಾದ ಅಳತೆ ಮಾತ್ರ ಹಾಕಿದ. ಇಷ್ಟು ದಿನದ ಮೇಲೆ ಆ ಲಾಟಿನ ತೇವ ಹನ್ನೊಂದು ಎಂದು ಕಂಡರೆ ಯಾರಾದರೂ ತೆರೆದು ನೋಡಿಯೇ ನೋಡುತ್ತಾರೆ ಎಂದು ಅವನ ಎಣಿಕೆ.

ಮರುದಿನ ಸಾವ್ಕಾರರು ಅವನನ್ನು ಗಾಜಿನ ಕೋಣೆಗೆ ಕರೆದರು. ಹುಲಿಗೇಶ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದ.

"ನೋಡಿದೆ" ಎಂದರು ಅವರು. "ಆದದ್ದು ಆತು, ಬಿಡು. ಇನ್ನ ಮ್ಯಾಲೆ ನೋಡಿಕೊಂಡು ಮಾಡು. ಹೋಗು."

ಹೊರಗೆ ಬಂದು, ಹತ್ತಿ ಬೀಜದ ಗೋದಾಮಿನ ಹಿಂದೆ ಹೋಗಿ, ಬಾಯಿಗೆ ಟವಲು ಒತ್ತಿಕೊಂಡು ಅತ್ತಿದ್ದ. ಅವನು ಕೊನೆಯ ಸಲ ಅತ್ತದ್ದು ಅಂದೇ. ಸಾವ್ಕಾರರು ಎಲ್ಲ ತಿಳಿದೂ ತನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡರು ಎಂದುಕೊಂಡ. ರಾಮಾಂಜಿಯನ್ನು ಇಂದು ಕರೆಸುತ್ತಾರೆ, ನಾಳೆ ಕರೆಸುತ್ತಾರೆ ಎಂದು ಕಾದ. ಕರೆಸಲಿಲ್ಲ. ಮೊದಲ ವರ್ಷ ಅದು ಎದೆ ಸುಡುತ್ತಿತ್ತು. ಆಮೇಲೆ, ತನ್ನ ಕೈಯಲ್ಲಿದ್ದದ್ದನ್ನು ಅವರ ಕೈಗೆ ಕೊಟ್ಟಾಗಿದೆ, ಮಾಡುವುದು ಬಿಡುವುದು ಅವರಿಗೆ ಸೇರಿದ್ದು ಎಂದು ಸಮಾಧಾನ ಮಾಡಿಕೊಂಡ. ಸಮಾಧಾನ ಎಷ್ಟು ಚೆನ್ನಾಗಿ ಕೂತಿತೆಂದರೆ ಅದರ ಜೊತೆಗೆ ಸಿಟ್ಟು, ಸಂತೋಷ, ಉಪ್ಪಿನ ರುಚಿ ಎಲ್ಲವೂ ಹೋದವು. ಗುಂಟೂರಿನ ದೊಡ್ಡ ಜಿನ್ನಿನವರು ಕರೆದಾಗ ಹೋಗಲಿಲ್ಲ. ಸಾವ್ಕಾರರ ಮನೆಯ ಟಿವಿ ಕೆಟ್ಟರೂ ಅವನೇ ಹೋಗಿ ನೋಡುತ್ತಿದ್ದ. ಕ್ಷಮಿಸಿದವರಿಗೆ ಇಲ್ಲ ಅನ್ನುವುದು ಹೇಗೆ?

ರಾಮಾಂಜಿಗೆ ಆದೋನಿಯ ಯಾವ ಜಿನ್ನಿನಲ್ಲೂ ಕೆಲಸ ಸಿಗಲಿಲ್ಲ. ನೀರು ಹೊಡೆಯುವವನು ಎಂಬ ಹೆಸರು ಅವನಿಗಿಂತ ಮೊದಲೇ ಎಲ್ಲ ಗೇಟಿಗೂ ಹೋಗಿ ಕೂತಿತ್ತು. ಕಡೆಗೆ ಹೆಂಡತಿಯ ಊರು ನಾಗಲದಿನ್ನೆ ಸೇರಿದ. ಅಲ್ಲಿ ಊರ ಟ್ಯಾಂಕಿನ ನೀರು ಬಿಡುವ ಕೆಲಸ ಕೊಟ್ಟಿದ್ದಾರೆ. ಊರಿನವರೇನೂ ಅಣಕಿಸಲೆಂದು ಕೊಟ್ಟದ್ದಲ್ಲ, ಆದರೂ ಅವನಿಗೆ ನೀರೇ ಗಂಟುಬಿತ್ತು. ಮೂರು ವರ್ಷದ ಹಿಂದೆ ಎಮ್ಮಿಗನೂರು ಬಸ್ ಸ್ಟ್ಯಾಂಡಿನಲ್ಲಿ ಹುಲಿಗೇಶನಿಗೆ ಎದುರಾಗಿದ್ದ. ತಲೆ ನೆರೆತಿತ್ತು.

"ಹುಲಿಗೇಶಣ್ಣ, ನೀನಾದ್ರೂ ನಂಬು. ನಾ ನೀರು ಹೊಡೆದಿಲ್ಲ."

"ನನಗ ಗೊತ್ತು" ಎಂದಿದ್ದ ಹುಲಿಗೇಶ.

ಆ ಎರಡು ಮಾತಿಗೇ ರಾಮಾಂಜಿಯ ಕಣ್ಣು ತುಂಬಿ ಬಂತು. ಕೈ ಹಿಡಿದು ಎಳೆದುಕೊಂಡು ಹೋಗಿ ಚಹಾ ಕುಡಿಸಿದ. ಇಷ್ಟು ವರ್ಷದಲ್ಲಿ ನಂಬಿದವನು ನೀನೊಬ್ಬನೇ ಎಂದ. ಹುಲಿಗೇಶ ಚಹಾ ಕುಡಿದು ಬಸ್ ಹತ್ತಿದ. ಅವನಿಗೆ ಏನೂ ಅನ್ನಿಸಿರಲಿಲ್ಲ.

ಈಗ ಆ ಸಾಲು ಪರದೆಯ ಮೇಲೆ ದಪ್ಪಗೆ ನಿಂತಿದೆ. ಟಿಕ್ ಹಾಕಿದರೆ ನಾಳೆ ಅಳಿಸಿಹೋಗುತ್ತದೆ, ಈ ಭೂಮಿಯ ಮೇಲೆ ಹುಲಿಗೇಶನನ್ನು ಬಿಟ್ಟು ಯಾರಿಗೂ ಗೊತ್ತಾಗುವುದಿಲ್ಲ. ಟಿಕ್ ಹಾಕದಿದ್ದರೆ ಹಾರ್ಡ್ ಡಿಸ್ಕಿಗೆ ಇಳಿದು ಸಾವ್ಕಾರರ ಕಪಾಟು ಸೇರುತ್ತದೆ, ಆಗಲೂ ಯಾರಿಗೂ ಗೊತ್ತಾಗುವುದಿಲ್ಲ. ಅದು ತೆಗೆದುಕೊಂಡಿದ್ದ ಜಾಗ ಎಷ್ಟೆಂದು ನೋಡಿದ. ಲಾರಿ ಚೀಟಿಯ ಒಂದು ಫೋಟೊದ ಸಾವಿರದಲ್ಲಿ ಒಂದು ಪಾಲು. ಅಳಿಸಿದರೂ ಇಟ್ಟರೂ ಸರ್ವರ್‌ಗೆ ಲೆಕ್ಕಕ್ಕೇ ಇಲ್ಲ.

ಅವನು ಟಿಕ್ ಹಾಕಲೂ ಇಲ್ಲ, ಬಿಡಲೂ ಇಲ್ಲ. ಪರದೆ ಆರಿಸಿ ಐದೂವರೆಯ ಬಸ್ಸಿಗೆ ನಡೆದ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ತನ್ನನ್ನೇ ವಿಚಾರಿಸಿಕೊಂಡ. ಸಾವ್ಕಾರರು ಕ್ಷಮಿಸಿಲ್ಲ. ಕ್ಷಮಿಸಲು ಅವರಿಗೆ ಗೊತ್ತೇ ಇರಲಿಲ್ಲ. ರಾಮಾಂಜಿಯನ್ನು ಅವರು ಕರೆಸದೆ ಇದ್ದದ್ದು ದೊಡ್ಡವರ ಕಲ್ಲೆದೆ ಎಂದು ಒಳಗೊಳಗೇ ಅವರ ಮೇಲೆ ಇಷ್ಟು ವರ್ಷ ತಪ್ಪು ಹೊರಿಸಿದ್ದಾಯಿತು, ಆ ತಪ್ಪೂ ತನ್ನದೇ. ಹೀಗೆ ಒಂದೊಂದನ್ನೇ ಎದುರಿಗೆ ಇಟ್ಟುಕೊಂಡ. ಎದೆ ಒಡೆಯಬೇಕಿತ್ತು, ಒಡೆಯಲಿಲ್ಲ. ಜೋಮು ಹಿಡಿದ ಕಾಲನ್ನು ಕೈಯಿಂದ ಮುಟ್ಟಿ ನೋಡಿದ ಹಾಗಿತ್ತು, ಕಾಲು ತನ್ನದೇ, ಮುಟ್ಟಿದ್ದು ಮಾತ್ರ ತಿಳಿಯುತ್ತಿಲ್ಲ.

ಮನೆಯಲ್ಲಿ ರೊಟ್ಟಿ ಮುರಿಯುತ್ತಾ ಭವಾನಿಯನ್ನು ಕೇಳಿದ.

"ನಿಮ್ಮ ತವರಿನವರು ಬಂದಿದ್ರಲ್ಲ, ಹೋಳಿಗಿ ಮಾಡಿದ್ದಿ. ನೆಪ್ಪೈತೇನು?"

"ಯಾವಾಗ? ಅವರು ಬಂದಾಗೆಲ್ಲ ಮಾಡ್ತೀನಲ್ಲ."

"ಒಂಬತ್ತು ವರ್ಷ ಆತು."

"ಅಯ್ಯ, ಅದು ಯಾರಿಗಿ ನೆಪ್ಪಿರತೈತಿ?" ಎಂದು ಆಕೆ ನಕ್ಕಳು. ಅವನು ನಗಲಿಲ್ಲ. ಆಕೆ ನಗು ನಿಲ್ಲಿಸಿ ಅವನ ಮುಖ ನೋಡಿದಳು. ಕೇಳಿದರೆ ಹೇಳುವವನಲ್ಲವೆಂದು ಇನ್ನೊಂದು ರೊಟ್ಟಿ ಹಾಕಿದಳು.

ಶುಕ್ರವಾರ ಬೆಳಿಗ್ಗೆ ಸಾವ್ಕಾರರು ತಂತಿ ಓದಿ ಮುಗಿಸಿದ ಮೇಲೆ ಹುಲಿಗೇಶ ಗಾಜಿನ ಕೋಣೆಗೆ ಹೋದ. ಕರೆಯದೆ ಅವನು ಆ ಕೋಣೆಗೆ ಕಾಲಿಟ್ಟದ್ದು ಅದೇ ಮೊದಲು.

"ಸಾವ್ಕಾರ್ರ, ಹಳೇ ಮೇಲು ಒಂದು ಐತ್ರಿ. ಅಳಿಸಾಕ ಮುಂಚೆ ನೀವು ನೋಡಬೇಕ್ರಿ."

"ಯಾವುದೋ?"

ಹುಲಿಗೇಶ ಬಗ್ಗಿ, ಅವರ ಪರದೆಯನ್ನು ಕೆಳಗೆ ಕೆಳಗೆ ಉರುಳಿಸಿ, ಬೆರಳು ತೋರಿಸಿದ. ಸಾವ್ಕಾರರು ಬಾಯಿಬಿಟ್ಟು ಓದಿದರು. "ಲಾಟ್ ಇನ್ನೂರ ಹನ್ನೆರಡು, ತೇವ ಹನ್ನೊಂದು. ಆವತ್ತೇ ನೋಡೀನಲ್ಲೋ. ನಿನ್ನ ಕರೆದು ಹೇಳೂ ಹೇಳೀನಿ."

"ಒಳಗ ಐತ್ರಿ."

"ಒಳಗ ಏನೈತಿ?"

ಹುಲಿಗೇಶನೇ ಅದನ್ನು ತೆರೆದ. ದಪ್ಪ ಅಕ್ಷರ ತೆಳ್ಳಗಾಯಿತು. ಇಂಗ್ಲಿಷ್ ಅಕ್ಷರದ ಕನ್ನಡವನ್ನು ಬಿಡಿಸಿ ಓದಲು ಸಾವ್ಕಾರರಿಗೆ ಬಹಳ ಹೊತ್ತು ಹಿಡಿಯಿತು. ತುಟಿ ಅಲ್ಲಾಡುತ್ತಿತ್ತು, ಸ್ವರ ಹೊರಡಲಿಲ್ಲ. ಮುಗಿದ ಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಾ ಇದನ್ನ ನೋಡಿದ್ದಿಲ್ಲೋ" ಎಂದರು. "ತಿರುಗಿ ಅಳೆದು ಹನ್ನೊಂದು ಅಂತ ಬರದೀ ಅಂದ್ಕೊಂಡಿದ್ದೆ. ಆತ ನೀರು ಹೊಡೆದದ್ದು ಖರೇ ಅಂತ ಇದರಿಂದಾನೇ ನನಗ ಗಟ್ಟಿ ಆತು."

ಹುಲಿಗೇಶ ಆತನನ್ನು ಬಿಡಿಸಲೆಂದು ಬರೆದ ಸಾಲೇ ರಾಮಾಂಜಿಯ ಮೇಲೆ ಮೊಳೆ ಹೊಡೆದಿತ್ತು. ಇದು ಮಾತ್ರ ಅವನಿಗೆ ಬಸ್ಸಿನಲ್ಲಿ ಹೊಳೆದಿರಲಿಲ್ಲ.

ಸಾವ್ಕಾರರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಆತು, ಈಗ ಏನ್ ಮಾಡಾಕ ಬರತೈತಿ? ಎಲ್ಲರ ಮುಂದ ಹೊರಗ ಹಾಕೀನಿ ಅವನ್ನ. ಇವತ್ತು ಹೋಗಿ ತಪ್ಪಾತು ಅಂದ್ರ ನನ್ನ ಮಾತಿಗಿ ಏನ್ ಬೆಲೆ ಉಳಿತೈತಿ? ಆತನೂ ಹೆಂಗೋ ಬದುಕ್ಯಾನ. ನಿಂದು ಸಣ್ಣ ತಪ್ಪು, ನಾ ಕ್ಷಮಿಸೀನಿ, ಹೋಗು. ಇದನ್ನ ಡಿಲೀಟ್ ಹೊಡಿ."

ಒಂಬತ್ತು ವರ್ಷದ ಹಿಂದೆ ಕೇಳಿಸಿಕೊಂಡೆ ಅಂದುಕೊಂಡಿದ್ದ ಮಾತನ್ನು ಸಾವ್ಕಾರರು ಈಗ ನಿಜವಾಗಿ ಹೇಳಿದರು. ಕ್ಷಮಿಸೀನಿ ಎಂಬ ಮಾತು ಬಾಯಿಯಿಂದ ಬಂದು, ಮೇಜು ದಾಟಿ, ಹುಲಿಗೇಶನ ತನಕ ಮುಟ್ಟಿತು. ಅವನಿಗೆ ಅದು ಬೇಡವಾಗಿತ್ತು.

"ಆಗಲಿ ರೀ" ಎಂದು ಹೊರಗೆ ಬಂದ.

ಮೊದಲು ಒಪ್ಪಿದ ಕೆಲಸ ಮುಗಿಸಿದ. ಮೂವತ್ತೊಂದನೆಯ ಸಾಲಿಗೂ ಟಿಕ್ ಹಾಕಿ ಪಟ್ಟಿಗೆ ಒಪ್ಪಿಗೆ ಕೊಟ್ಟ. ಹಳೆಯ ಮೇಲುಗಳೆಲ್ಲ ಹಾರ್ಡ್ ಡಿಸ್ಕಿಗೆ ಇಳಿದವು, ಬೇಡದ್ದು ಅಳಿಸಿಹೋದವು. ಗೋಡೆಯ ಬದಿಗೆ ಕುರ್ಚಿ ಸರಿಸಿಕೊಂಡು, ಪೆಟ್ಟಿಗೆಯ ಹಸಿರು ದೀಪ ಮಿಣುಕುವುದನ್ನು ನೋಡುತ್ತಾ ಕೂತ. ತೊಂಬತ್ತೊಂಬತ್ತು ಎಂಬುದು ಇಳಿದು ಇಳಿದು ನಲವತ್ತಕ್ಕೆ ಬಂದು ನಿಂತಿತು. ಕೊಯಮತ್ತೂರಿನಿಂದ ತಡೆದಿದ್ದ ಮೇಲುಗಳು ಒಂದರ ಹಿಂದೊಂದು ಬರತೊಡಗಿದವು. ಬೇಕಾದಷ್ಟು ಜಾಗವಾಗಿತ್ತು.

ಆಮೇಲೆ ಹೊಸ ಮೇಲ್ ತೆಗೆದ. ಕಳಿಸುವುದು ಎಲ್ಲರಿಗೂ: ಸಾವ್ಕಾರರಿಗೆ, ರುದ್ರೇಶನಿಗೆ, ತೂಕದವರಿಗೆ, ಬಿಲ್ಲಿನವರಿಗೆ, ಆದೋನಿಯ ಆರು ಜಿನ್ನಿನ ಏಜೆಂಟರಿಗೆ, ಕೊಯಮತ್ತೂರಿನವರಿಗೆ. ಒಳಗೆ ಏನೂ ಬರೆಯಲಿಲ್ಲ. ಹೇಳಬೇಕಾದದ್ದನ್ನು ಸಾವ್ಕಾರರ ಪದ್ಧತಿಯಂತೆ ತಂತಿಯಲ್ಲೇ ಹಾಕಿದ. "2016 ಲಾಟ್ 212: ರಾಮಾಂಜಿ ನೀರು ಹೊಡೆದಿಲ್ಲ. ತೇವ ನೋಡದೆ 8 ಬರೆದವನು ನಾನು. ಹುಲಿಗೇಶ." ಒಮ್ಮೆ ಓದಿದ. ಗುಂಡಿ ಒತ್ತಿದ.

ಕೆಲಹೊತ್ತಿನ ಮೇಲೆ ಗಾಜಿನ ಕೋಣೆಯಲ್ಲಿ ಸಾವ್ಕಾರರ ದನಿ ಎದ್ದಿತು. ಹೊಸದಾಗಿ ಬಂದ ತಂತಿಗಳನ್ನು ಓದುತ್ತಿದ್ದರು. ಕೊಯಮತ್ತೂರಿನದು ಒಂದು, ನೋಡಿದೆ. ಲಾರಿಯವರದು ಒಂದು, ನೋಡಿದೆ. ಆಮೇಲೆ "ಎರಡು ಸಾವಿರದ ಹದಿನಾರು, ಲಾಟ್..." ಎಂದು ಶುರುವಾದ ದನಿ ಅರ್ಧಕ್ಕೇ ನಿಂತಿತು. ಹುಲಿಗೇಶ ಏಸಿ ಕೋಣೆಯ ಬಾಗಿಲಲ್ಲಿ ಕಾದ. ಅಂಗಳದಲ್ಲಿ ಗೋಣಿ ಹೊಲಿಯುತ್ತಿದ್ದ ಹೆಣ್ಣಾಳುಗಳೂ ಸೂಜಿ ನಿಲ್ಲಿಸಿ ಆ ಕಡೆ ನೋಡಿದರು. ಒಳಗಿನಿಂದ "ನೋಡಿದೆ" ಬರಲಿಲ್ಲ.

ಅವನು ಬುತ್ತಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡ. ಏಸಿ ಕೋಣೆಯ ಕೀಲಿಯನ್ನು ಬಿಲ್ಲು ಬರೆಯುವ ಮೌನಿಕಾಳ ಮೇಜಿನ ಮೇಲಿಟ್ಟ. ಆ ಹುಡುಗಿಯ ಪರದೆಯ ಮೇಲೂ ಅದೇ ಸಾಲು ಇತ್ತು. ಆಕೆಯ ಕೈ ಬಾಯಿಯ ಮೇಲಿತ್ತು.

"ಎಲ್ಲಿಗಿ ಹೊಂಟಿ ಅಣ್ಣ? ಇನ್ನಾ ಹನ್ನೆರಡೂ ಆಗಿಲ್ಲ."

"ನಾಗಲದಿನ್ನಿಗಿ."

"ಮೇಲ್ ಹಾಕೀಯಲ್ಲ. ಎಲ್ಲರೂ ನೋಡ್ಯಾರ."

ಹುಲಿಗೇಶನ ಕಣ್ಣು ಉರಿಯುತ್ತಿದ್ದವು. ಒರೆಸಿಕೊಳ್ಳಲು ಹೋಗಿ, ಕೈ ಒದ್ದೆಯಾದದ್ದನ್ನು ನೋಡಿಕೊಂಡ.

"ರಾಮಾಂಜಿಗಿ ಮೇಲ್ ಇಲ್ಲವ್ವ" ಎಂದ. "ಆತಗ ಬಾಯಿಲೇ ಹೇಳಬೇಕು."